ಯಡಹಳ್ಳಿ ಮಡ್ಡಿಯಲ್ಲಿ ಚಿಂಕಾರ ಹುಡುಕುತ್ತಾ

ಚಿಂಕಾರ ಅನ್ನೋ ಸಣ್ಣ ಹುಲ್ಲೆ ನೋಡ್ಬೇಕು ಅಂದ್ರೆ ರಾಜಸ್ಥಾನದ ಜೈಸಲ್ಮೇರ್‌ಗೇ ಹೋಗಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ ಮಾರಾಯ್ರೇ! ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ, ಸುಮಾರು 96 ಚದರ ಕಿಲೋಮೀಟರ್. ಸುತ್ತ ಕಬ್ಬು, ಮಧ್ಯೆ ಈ ಒಣ ಗುಡ್ಡ. ಊರವರ ಬಾಯಲ್ಲಿ ಅದು ಸುಮ್ನೆ ಮಡ್ಡಿ.

ಥಾರ್‌ನಂಥ ಮರಳುಗಾಡೇನೂ ಅಲ್ಲ. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯಾದರೆ ದೊಡ್ಡದು, ಇಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ. ಆದರೆ ಮೋಡಗಳು ಖಾನಾಪುರದ ಘಟ್ಟದಲ್ಲೇ ಮಳೆ ಸುರಿಸಿ ಹಗುರಾಗಿ ಬರುತ್ತವೆ, ಬಿದ್ದ ನೀರೂ ಈ ಕಲ್ಲುನೆಲದಲ್ಲಿ ನಿಲ್ಲೋದಿಲ್ಲ. ಹಾಗಾಗಿ ಇಲ್ಲಿನ ಗಿಡಗಳೆಲ್ಲ ನೀರಿನ ವಿಷಯದಲ್ಲಿ ಮಹಾ ಜಿಪುಣರು. ಜಾಲಿಯ ಎಲೆ ನೋಡಿ, ಎಷ್ಟು ಸಣ್ಣದು. ಎಲೆ ಸಣ್ಣದಾದಷ್ಟೂ ಆವಿಯಾಗಿ ಹೋಗುವ ನೀರು ಕಮ್ಮಿ.

ಬಾರಿಕಂಟಿ, ಅಂದ್ರೆ ಎಲಚಿ ಗಿಡದ ಪಕ್ಕದ ಬಂಡೆ ಮೇಲೆ ನರಿಯ ಹಿಕ್ಕೆ ಬಿದ್ದಿತ್ತು. ಕಡ್ಡಿಯಿಂದ ಕೆದಕಿದರೆ ಒಳಗೆ ಒಂದಿಷ್ಟು ಕೂದಲು, ಉಳಿದದ್ದೆಲ್ಲ ಬಾರಿಹಣ್ಣಿನ ಬೀಜ. ಕೋಳಿ ಕಳ್ಳ ಅಂತ ನಾವು ಬೈಯುವ ನರಿಯೇ ಇಲ್ಲಿ ಬಿತ್ತನೆ ಮಾಡುತ್ತಿದೆ! ಸ್ವಲ್ಪ ಮುಂದೆ ಚಿಂಕಾರದ ಹಿಕ್ಕೆಗುಡ್ಡೆ. ಹಳೇದು ಬಿಳಿಚಿಕೊಂಡಿದೆ, ಅದರ ಮೇಲೆ ಕಪ್ಪಗೆ ಹೊಸದು. ಅವು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಾಕುತ್ತವೆ, ಇದು ನಮ್ಮ ಜಾಗ ಅಂತ ಬೋರ್ಡ್ ನೆಟ್ಟ ಹಾಗೆ.

ಪ್ರಾಣಿ ಕಂಡದ್ದು ಆಮೇಲೆ, ದೂರದಲ್ಲಿ. ಮೈಬಣ್ಣ ಮಣ್ಣಿನ ಬಣ್ಣದ್ದೇ, ಪಟಪಟ ಆಡುವ ಕಪ್ಪು ಬಾಲದಿಂದಲೇ ಗೊತ್ತಾಯಿತು. ಎಲೆಯ ರಸ, ಬೆಳಗಿನ ಇಬ್ಬನಿ ಸಿಕ್ಕರೆ ಸಾಕು, ಎಷ್ಟೋ ದಿನ ನೀರೇ ಕುಡಿಯದೆ ಇರುತ್ತದೆ. ಹೆಣ್ಣಿಗೂ ಸಣ್ಣ ಕೊಂಬು ಇರುತ್ತದೆ, ಕೃಷ್ಣಮೃಗದ ಹೆಣ್ಣಿಗೆ ಸಾಮಾನ್ಯವಾಗಿ ಇರೋದಿಲ್ಲ.

ನನಗೆ ಸಿಟ್ಟು ಬರೋದು ಒಂದಕ್ಕೇ. ಇಂಥ ಮಡ್ಡಿ ಕಂಡ ಕೂಡಲೇ 'ಪಾಳು ಬಿದ್ದಿದೆ, ಗಿಡ ನೆಡೋಣ' ಅಂತ ಗುಂಪು ಕಟ್ಟಿಕೊಂಡು ಬರುವವರಿದ್ದಾರಲ್ಲ, ಅವರ ಮನಸ್ಸು ಒಳ್ಳೆಯದೇ. ಆದರೆ ದಟ್ಟವಾಗಿ ನೆಟ್ಟ ಮರ ಬೆಳೆದು ನೆರಳಾದರೆ ಹುಲ್ಲು ಹೋಗುತ್ತದೆ, ಬಯಲು ಮುಚ್ಚುತ್ತದೆ. ದೂರದಿಂದಲೇ ತೋಳವನ್ನು ನೋಡಿ ಓಡುವ ಪ್ರಾಣಿಗೆ ಬಯಲೇ ಇಲ್ಲದಿದ್ದರೆ ಹೇಗೆ? ಗಿಡ ನೆಡೋಕೆ ನಮ್ಮ ಊರಿನ ಬೀದಿಗಳು ಖಾಲಿ ಇವೆ ಅಲ್ವಾ, ಅಲ್ಲಿ ನೆಡಿ.

ಹೋಗುವವರು ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡು ಹೋಗಿ. ಬೈನಾಕ್ಯುಲರ್ ಇರಲಿ, ಬಿಸಿಲೇರುವ ಮುಂಚೆ ಅಲ್ಲಿರಿ.