ತೆಗೆದ ಮೇಲೂ ಉಳಿದದ್ದು

ದೊಡ್ಡ ಕಡತಗಳ ಕೆಲಸ ಮುಗಿಯಿತೆಂದು ಇವತ್ತು ಬೆಳಿಗ್ಗೆ ಉಬುಂಟು ಲ್ಯಾಪ್‌ಟಾಪಿನಿಂದ ಗಿಟ್ ಎಲ್‌ಎಫ್‌ಎಸ್ ತೆಗೆದೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ ಅದೊಂದು ವಿಸ್ತರಣೆ; ಭಾರದ ಕಡತವನ್ನು ಬೇರೆಡೆ ಇಟ್ಟು, ಅದರ ಜಾಗದಲ್ಲಿ ಮೂರು ಸಾಲಿನ ಚೀಟಿ ಇಡುತ್ತದೆ: ಆವೃತ್ತಿ, ಶಾ-256 ಹ್ಯಾಶ್ (ಕಡತದ ಬೆರಳಚ್ಚಿನಂಥ ಗುರುತು), ಗಾತ್ರ. ಹಾಕುವಾಗ, ಉಬುಂಟುವಿನಲ್ಲಿ ತಂತ್ರಾಂಶದ ಪ್ಯಾಕೇಜುಗಳನ್ನು ಹಾಕಿ ತೆಗೆಯುವ ಆಪ್ಟ್‌ಗೆ ಒಂದು ಆಜ್ಞೆ, ಗಿಟ್‌ಗೆ ಇನ್ನೊಂದು ಕೊಟ್ಟಿದ್ದೆ. ತೆಗೆಯುವಾಗ ಆಪ್ಟ್‌ಗೆ ಮಾತ್ರ ಹೇಳಿದೆ.

ಮಧ್ಯಾಹ್ನ ಹಳೆಯ ಪ್ರಾಜೆಕ್ಟ್ ಪುಶ್ ಮಾಡಲು, ಅಂದರೆ ಸರ್ವರಿಗೆ ಕಳಿಸಲು, ಹೋದರೆ ಗಿಟ್ ಒಪ್ಪಲಿಲ್ಲ. ಪ್ಯಾಕೇಜ್ ಹೋಗಿತ್ತು, ಆದರೆ ಎಲ್‌ಎಫ್‌ಎಸ್ ನೆಟ್ಟಿದ್ದ ಪ್ರೀ-ಪುಶ್ ಹುಕ್, ಅಂದರೆ ಪುಶ್‌ಗೆ ಮೊದಲು ತಾನಾಗಿ ಓಡುವ ಸ್ಕ್ರಿಪ್ಟ್, ಪ್ರಾಜೆಕ್ಟಿನೊಳಗೇ ಉಳಿದು, ಇಲ್ಲದ ಎಲ್‌ಎಫ್‌ಎಸ್ ಅನ್ನು ಹುಡುಕುತ್ತಿತ್ತು. ಹೋಮ್ ಫೋಲ್ಡರಿನಲ್ಲಿರುವ ಗಿಟ್‌ನ ಸೆಟ್ಟಿಂಗ್ ಕಡತ ಗಿಟ್‌ಕಾನ್ಫಿಗ್‌ನಲ್ಲಿ, ಕಡತವನ್ನು ಚೀಟಿಯಾಗಿಸುವ ಫಿಲ್ಟರಿನ ಸಾಲುಗಳೂ ಹಾಗೆಯೇ ಇದ್ದವು. ಇದು ಆಪ್ಟ್‌ನ ತಪ್ಪಲ್ಲ. ತಾನು ಇಟ್ಟ ಕಡತಗಳ ಲೆಕ್ಕ ಮಾತ್ರ ಅದರ ಬಳಿ ಇರುತ್ತದೆ. ನನ್ನ ಹೋಮ್ ಫೋಲ್ಡರಿಗೆ ಅದು ಕೈ ಹಾಕುವುದಿಲ್ಲ, ಹಾಕಲೂಬಾರದು. ಆ ಸಂಯಮ ನನಗೆ ಇಷ್ಟ.

ಮತ್ತೆ ಹಾಕಿದೆ. ಪ್ರಾಜೆಕ್ಟಿನ ಫೋಲ್ಡರಿನಲ್ಲೇ ‘ಗಿಟ್ ಎಲ್‌ಎಫ್‌ಎಸ್ ಅನ್‌ಇನ್‌ಸ್ಟಾಲ್’ ಕೊಟ್ಟು, ಆಮೇಲೆ ಪ್ಯಾಕೇಜ್ ತೆಗೆದೆ. ಬಾಡಿಗೆ ಮನೆ ಬಿಡುವಾಗ, ಬೀಗದ ಕೈ ಒಪ್ಪಿಸುವ ಮೊದಲು ಕೋಣೆಕೋಣೆಗೆ ಹೋಗಿ ಕ್ಯಾಲೆಂಡರಿನ ಮೊಳೆಗಳನ್ನು ಕೀಳುತ್ತಿದ್ದ ಅಮ್ಮ ನೆನಪಾದರು. ಕೊನೆಯ ಮೊಳೆಯನ್ನು ಅವರು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು.