ಎಲ್ಲರಿಗೂ ಒಂದೇ ವಚನ

ಜರ್ಮನಿಯ ಎಸ್ಲಿಂಗೆನ್‌ನಲ್ಲಿ, ಚರ್ಚಿನವರು ನಡೆಸುವ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ಸ್ಟುಟ್‌ಗಾರ್ಟ್ ಪಕ್ಕದ ಊರು ಇದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇಲ್ಲೇ. ಉಡುಪಿಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದ ನನಗೆ ಅದು ಗೊತ್ತಾದ ಮೇಲೆ ಈ ಊರಿನ ಮೇಲೆ ಪ್ರೀತಿ ಜಾಸ್ತಿಯಾಯಿತು. ಆದರೆ ಇವತ್ತು ಹೇಳಬೇಕೆಂದಿರುವುದು ಒಂದು ಪುಟ್ಟ ನೀಲಿ ಪುಸ್ತಕದ ಬಗ್ಗೆ.

ನಮ್ಮ ಆಶ್ರಮದಲ್ಲಿ ಬೆಳಗಿನ ತಿಂಡಿಗೆ ಎಲ್ಲರೂ ಕೂತ ಮೇಲೆ, ಬ್ರೆಡ್ಡಿಗೆ ಬೆಣ್ಣೆ ಹಚ್ಚುವ ಮೊದಲು, ಒಬ್ಬರು ಆ ಪುಸ್ತಕ ತೆರೆದು ಓದುತ್ತಾರೆ. ಅದರ ಹೆಸರು ಲೋಜುಂಗೆನ್. ದಿನಕ್ಕೆ ಬೈಬಲಿನ ಹಳೆಯ ಒಡಂಬಡಿಕೆಯ ಒಂದು ವಚನ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ಒಂದು ವಚನ, ಕೊನೆಗೆ ಒಂದು ಹಾಡಿನ ಸಾಲು ಅಥವಾ ಚಿಕ್ಕ ಪ್ರಾರ್ಥನೆ. ಎರಡು ನಿಮಿಷವೂ ಹಿಡಿಯುವುದಿಲ್ಲ. ಆಮೇಲೆ ಕಾಫಿ.

ಇದು ಹುಟ್ಟಿದ್ದು ಸಾಕ್ಸನಿ ಪ್ರಾಂತ್ಯದ ಹೆರ್ನ್‌ಹೂಟ್ ಎಂಬ ಸಣ್ಣ ಊರಿನಲ್ಲಿ. ನಂಬಿಕೆಯ ಕಾರಣಕ್ಕೆ ಈಗಿನ ಚೆಕ್ ದೇಶದ ಮೊರಾವಿಯಾ ಬಿಟ್ಟು ಬಂದವರು 1722ರಿಂದ ಅಲ್ಲಿ ನೆಲೆಸಿದರು. ಅವರಿಗೆ ಜಾಗ ಕೊಟ್ಟವರು ಜಿನ್ಜೆನ್‌ಡಾರ್ಫ್ ಎಂಬ ಶ್ರೀಮಂತ. 1728ರ ಮೇ 3ರ ಸಂಜೆ ಜಿನ್ಜೆನ್‌ಡಾರ್ಫ್ ಮರುದಿನಕ್ಕೆಂದು ಒಂದು ವಚನ ಕೊಟ್ಟರು. ಅದು ಮನೆ ಮನೆಗೆ ಹೋಯಿತು. 1731ರಿಂದ ಪ್ರತಿ ವರ್ಷ ಪುಸ್ತಕವಾಗಿ ಬರುತ್ತಿದೆ, ಯುದ್ಧಗಳ ನಡುವೆಯೂ. ಈಗ 50ಕ್ಕೂ ಹೆಚ್ಚು ಭಾಷೆಗಳಲ್ಲಿ ಓದುತ್ತಾರೆ. ಹಳೆಯ ಒಡಂಬಡಿಕೆಯ ವಚನವನ್ನು ಯಾರೂ ಆರಿಸುವುದಿಲ್ಲ. ಸುಮಾರು 1,800 ವಚನಗಳಿಂದ ಚೀಟಿ ಎತ್ತುತ್ತಾರೆ, ಅದೂ ಮೂರು ವರ್ಷ ಮೊದಲೇ. ಹಾಗಾಗಿ ಆ ದಿನದ ಸುದ್ದಿಗೆ ತಕ್ಕ ಹಾಗೆ ವಚನ ಹೊಂದಿಸಿದರು ಎನ್ನುವ ಮಾತೇ ಇಲ್ಲ.

ಚೀಟಿ ಅಂದ ಕೂಡಲೇ ನಿಮಗೂ ನೆನಪಾಗಿರಬೇಕು, ಅಲ್ವಾ? ನಮ್ಮಲ್ಲಿ ಹೊಸ ವರ್ಷದ ಮಧ್ಯರಾತ್ರಿ ಆರಾಧನೆ ಮುಗಿದ ಮೇಲೆ ಒಂದೊಂದು ಬೈಬಲ್ ವಚನ ಬರೆದಿರುವ ವಾಗ್ದಾನದ ಕಾರ್ಡ್ ಎತ್ತುತ್ತೇವೆ. ಮನೆಗೆ ಬರುವ ದಾರಿಯಲ್ಲೇ "ನಿನಗೆ ಯಾವುದು ಬಂತು?" ಎಂದು ಶುರು. ನನಗೆ ಅದು ತುಂಬಾ ಇಷ್ಟ. ಈಗಲೂ ನನ್ನ ಬೈಬಲಿನಲ್ಲಿ ಹಳೆಯ ಕಾರ್ಡುಗಳಿವೆ. ಆದರೆ ಇಲ್ಲಿಗೆ ಬಂದ ಮೇಲೆ ಎರಡು ವಿಷಯ ಕಾಡುತ್ತಿವೆ. ನಮ್ಮ ಕಾರ್ಡುಗಳಲ್ಲಿ ಸಿಹಿ ವಚನಗಳೇ ಇರುತ್ತವೆ. ಮತ್ತೆ, ಪ್ರತಿಯೊಬ್ಬರದ್ದೂ ಬೇರೆ. ನನ್ನ ವರ್ಷ, ನನ್ನ ಆಶೀರ್ವಾದ.

ಯೆರೆಮೀಯ 29:11 ತೆಗೆದುಕೊಳ್ಳಿ. ನಿಮಗೆ ಕೇಡಾಗಲಿ ಎಂದಲ್ಲ, ಹಿತವಾಗಲಿ ಎಂದೇ ನನ್ನ ಆಲೋಚನೆ ಎಂದು ದೇವರು ಹೇಳುವ ವಚನ. ಕಾರ್ಡಿನಲ್ಲಿ, ಕ್ಯಾಲೆಂಡರಿನಲ್ಲಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ, ಕಾಫಿ ಲೋಟದ ಮೇಲೂ ಅದು ಇದೆ. ವೀಸಾಕ್ಕೆ ಕಾಯುವ ಎಷ್ಟೋ ಹುಡುಗ ಹುಡುಗಿಯರು ಅದನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಆದರೆ ಆ ಅಧ್ಯಾಯವನ್ನು ಮೊದಲಿಂದ ಓದಿ ನೋಡಿ. ಅದು ಒಂದು ಪತ್ರ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದ ಜನರಿಗೆ ಯೆರೂಸಲೇಮಿನಿಂದ ಪ್ರವಾದಿ ಯೆರೆಮೀಯ ಬರೆದದ್ದು. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ ಎನ್ನುತ್ತದೆ. ಬಿಡುಗಡೆ ಯಾವಾಗ? 70 ವರ್ಷ ಆದ ಮೇಲೆ. ಪತ್ರ ಓದುವುದನ್ನು ಕೇಳಿದ ಹಿರಿಯರಲ್ಲಿ ಹೆಚ್ಚಿನವರು ಆ ದಿನ ನೋಡುವ ಹಾಗೇ ಇರಲಿಲ್ಲ. ಆದರೂ ವಾಗ್ದಾನ ಅವರದ್ದೇ, ಯಾಕೆಂದರೆ ಅದು ಒಬ್ಬೊಬ್ಬರಿಗೆ ಕೊಟ್ಟದ್ದಲ್ಲ, ಇಡೀ ಜನಕ್ಕೆ ಕೊಟ್ಟದ್ದು. ಊರು ಬಿಟ್ಟು ಬಂದಿರುವ ನನಗೆ ಈಗ 11ನೇ ವಚನಕ್ಕಿಂತ 7ನೆಯದು ಹೆಚ್ಚು ಹತ್ತಿರ. ಈ ಪಟ್ಟಣದ ಒಳಿತಿಗಾಗಿ, ಇಲ್ಲಿನ ನನ್ನ ಅಜ್ಜ ಅಜ್ಜಿಯರಿಗಾಗಿ ನಾನು ಪ್ರಾರ್ಥಿಸಬೇಕು ಎಂದು ಅದು ನೇರವಾಗಿ ಹೇಳುತ್ತದೆ.

ಒಂದು ದಿನ ತಿಂಡಿಯ ಹೊತ್ತಿಗೆ ಸಂತೋಷಪಡಿರಿ ಎನ್ನುವ ವಚನ ಬಂತು. ಗಂಡನನ್ನು ಆಗಷ್ಟೇ ಮಣ್ಣು ಮಾಡಿ ಬಂದಿದ್ದ ಒಬ್ಬ ಅಜ್ಜಿ ತಟ್ಟೆ ಸರಿಸಿ, "ಇದು ಇವತ್ತು ನನಗಲ್ಲ" ಎಂದರು. ಎದುರಿನ ಅಜ್ಜಿ ಹೇಳಿದರು: "ಹಾಗಾದರೆ ಇವತ್ತು ನಾನು ಇಟ್ಟುಕೊಂಡಿರುತ್ತೇನೆ. ನಿಮಗೆ ಬೇಕಾದಾಗ ಕೇಳಿ." ಎಲ್ಲರಿಗೂ ಒಂದೇ ವಚನ ಇರುವುದರಿಂದ ಆದದ್ದು ಇದು. ಅವರವರ ಕಾರ್ಡ್ ಅವರವರ ಕೈಯಲ್ಲಿದ್ದರೆ ಹೀಗೆ ಹೇಳಲು ಹೇಗೆ ಸಾಧ್ಯ?

ವಚನವನ್ನು ನಮಗೇ ಹೇಳಿದ್ದು ಎಂದುಕೊಳ್ಳುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಡೀಟ್ರಿಚ್ ಬೋನ್‌ಹೋಫರ್ ಹಾಗೆ ಅಂದುಕೊಂಡವರೇ. ಹಿಟ್ಲರನನ್ನು ವಿರೋಧಿಸಿದ ಈ ಪಾದ್ರಿ ಲೋಜುಂಗೆನ್ ಓದುವವರು. 1939ರ ಜೂನ್‌ನಲ್ಲಿ ಗೆಳೆಯರು ಅವರನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಅಲ್ಲಿ ಸುರಕ್ಷಿತವಾಗಿ ಇರಬಹುದಿತ್ತು. ಜೂನ್ 26ರಂದು, ಚಳಿಗಾಲಕ್ಕೆ ಮುಂಚೆ ಬಾ ಎಂದು ಬೈಬಲಿನಲ್ಲಿ ಪೌಲನು ತಿಮೊಥೆಯನಿಗೆ ಬರೆದ ಮಾತು ಕಣ್ಣಿಗೆ ಬಿತ್ತು. ಇದನ್ನು ನನಗೇ ಹೇಳಿದ್ದೆಂದು ತೆಗೆದುಕೊಂಡರೆ ವಾಕ್ಯದ ದುರುಪಯೋಗವಲ್ಲ ಎಂದು ಡೈರಿಯಲ್ಲಿ ಬರೆದರು. ಜುಲೈನಲ್ಲಿ ಜರ್ಮನಿಗೆ ಮರಳಲು ಹಡಗು ಹತ್ತಿದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೆ ಹಾಕಿದರು. ಅವರು ವಚನವನ್ನು ತನ್ನದು ಮಾಡಿಕೊಂಡದ್ದು ತನ್ನ ಜನರ ಕಷ್ಟದಲ್ಲಿ ಪಾಲು ತೆಗೆದುಕೊಳ್ಳಲಿಕ್ಕೆ.

1944ರ ಡಿಸೆಂಬರಿನಲ್ಲಿ ಸೆರೆಯಿಂದ ಅವರು ಬರೆದ ಕವನಕ್ಕೆ 1970ರಲ್ಲಿ ಜೀಗ್‌ಫ್ರೀಡ್ ಫೀಟ್ಸ್ ರಾಗ ಹಾಕಿದರು. ಚರ್ಚಿಗೆ ಕಾಲಿಡದವರೂ ಅದನ್ನು ಹಾಡುತ್ತಾರೆ. ನಮ್ಮ ಆಶ್ರಮದಲ್ಲಿ ಯಾರಾದರೂ ತೀರಿಕೊಂಡರೆ ಅದೇ ಹಾಡು.

ಈಗ ದಿನಾ ನಾನು ಅಮ್ಮನಿಗೆ ವಚನದ ಅಧ್ಯಾಯ, ಸಂಖ್ಯೆ ಮಾತ್ರ ಕಳಿಸುತ್ತೇನೆ. ಅಮ್ಮ ಕನ್ನಡ ಬೈಬಲ್ ತೆರೆದು ಹಿಂದೆ ಮುಂದೆ ಓದಿ ಫೋನ್ ಮಾಡುತ್ತಾಳೆ. ಚರ್ಚಿನ ಹೆಂಗಸರ ಸಂಘವಾದ ಸ್ತ್ರೀ ಅನ್ಯೋನ್ಯ ಕೂಟದ ಗುಂಪಿಗೂ ಹಾಕುತ್ತಾಳೆ. ಹೊಸ ವರ್ಷಕ್ಕೆ ಕಾರ್ಡುಗಳ ಜೊತೆಗೆ ಇಡೀ ಸಭೆಗೆಂದು ಒಂದು ವಚನ ಎತ್ತಬಹುದಾ ಎಂದು ಸಭಾಪಾಲಕರನ್ನು ಕೇಳಿದ್ದಾಳಂತೆ. ನೋಡೋಣ ಎಂದಿದ್ದಾರೆ. ನಿಮ್ಮ ಸಭೆಯಲ್ಲೂ ಕೇಳಿ ನೋಡಿ. ಎತ್ತುವ ಪೆಟ್ಟಿಗೆಯಲ್ಲಿ ಕಷ್ಟದ ವಚನಗಳೂ ಇರಲಿ.