ಮನೆ ಸುತ್ತಲಿನ ಪೊದೆ ತೆರವು: ಸಲಕರಣೆಯ ಆಯ್ಕೆ ಎಲ್ಲಿಗೆ ಬಂದಿದೆ

ಧಾರವಾಡದಿಂದ ಕಲಘಟಗಿಗೆ ಹೋಗುವ ದಾರಿಯಲ್ಲಿ ನಾವು ಮನೆ ಕಟ್ಟಿಸಿಕೊಂಡಿರುವ ಒಂದೂವರೆ ಎಕರೆ ಜಾಗದ ಹಿಂಭಾಗವು ಬಹಳ ವರ್ಷಗಳಿಂದ ನೇಗಿಲು ಕಾಣದೆ ಕಾಡಾಗಿದೆ. ಗೋಡೆಯ ಹತ್ತಿರವೇ ಲಂಟಾನ ಮತ್ತು ಯುಪಟೋರಿಯಂ ಪೊದೆಗಳಿವೆ. ಹಳ್ಳದ ಬದಿಗೆ ಬಳ್ಳಾರಿ ಜಾಲಿ ಹಬ್ಬಿದೆ. ಬೇಲಿಯ ಗುಂಟ ಹಿಂದಿನ ಮಾಲೀಕರು ನೆಟ್ಟ ಕೆಲವು ನೀಲಗಿರಿಗಳಿವೆ. ಇವೆಲ್ಲದರ ನಡುವೆ ಬೇವು, ಮತ್ತಿ, ಹೊನ್ನೆ ಸಸಿಗಳು ತಾವಾಗಿಯೇ ಎದ್ದಿವೆ. ಬೇಸಿಗೆಯಲ್ಲಿ ಒಣಗಿದ ಲಂಟಾನಕ್ಕೆ ಕಿಡಿ ತಾಗಿದರೆ ಬೆಂಕಿ ನೇರವಾಗಿ ಮನೆಗೇ ಬರುತ್ತದೆ ಎಂಬುದು ತೆರವಿಗೆ ಮೊದಲ ಕಾರಣ. ಕೊಳಕುಮಂಡಲ ಹಾವು ಎರಡನೆಯದು. ಆದರೆ ತಾನಾಗಿ ಬಂದ ಸಸಿಗಳು ಉಳಿಯಲೇಬೇಕು. ಯಾವ ಸಲಕರಣೆ ಬೇಕು, ಯಾವುದು ಬೇಡ ಎಂಬುದನ್ನು ಬಹುಮಟ್ಟಿಗೆ ಈ ಷರತ್ತೇ ತೀರ್ಮಾನಿಸಿದೆ.

ಕೇಳಿದವರೆಲ್ಲ ಮೊದಲು ಹೇಳಿದ್ದು ಜೆಸಿಬಿ. ಅರ್ಧ ದಿನದಲ್ಲಿ ಎಲ್ಲವನ್ನೂ ಸಾಪಾಟು ಮಾಡಿಕೊಡುತ್ತದೆ ಎಂಬುದು ನಿಜ. ಬೇವು, ಹೊನ್ನೆಗಳನ್ನೂ ಅದು ಬಿಡುವುದಿಲ್ಲ ಎಂಬುದೂ ಅಷ್ಟೇ ನಿಜ. ನಮ್ಮ ಜಾಗ ಹಳ್ಳದ ಕಡೆಗೆ ಇಳಿಜಾರಾಗಿರುವುದರಿಂದ ಕೆದರಿದ ಮೇಲ್ಮಣ್ಣು ಜೂನ್ ತಿಂಗಳ ಮಳೆಗೆ ಹರಿದುಹೋಗುತ್ತದೆ, ಮತ್ತು ಹೊಸದಾಗಿ ತೆರೆದ ಮಣ್ಣಿನಲ್ಲಿ ಎಲ್ಲಕ್ಕಿಂತ ಮೊದಲು ಮೊಳೆಯುವುದು ಲಂಟಾನದ ಬೀಜವೇ. ಆದ್ದರಿಂದ ಜೆಸಿಬಿಯನ್ನು ಜಾಲಿಯ ಪಟ್ಟಿಗೆ ಮಾತ್ರ, ಬಾಡಿಗೆಗೆ ಕರೆಸುವುದೆಂದು ನಿಶ್ಚಯಿಸಿದ್ದೇವೆ.

ಯಾವ ಗರಗಸ ಬೇಕೆಂದು ಯೋಚಿಸುವ ಮೊದಲು ಯಾವ ಮರವನ್ನು ಕಡಿಯಲು ಅನುಮತಿ ಬೇಕು ಎಂಬುದನ್ನು ತಿಳಿದುಕೊಳ್ಳುವುದು ಲೇಸು. ಕರ್ನಾಟಕದ 1976ರ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರವನ್ನಾದರೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಉರುಳಿಸುವಂತಿಲ್ಲ. ನಮ್ಮಂತಹ ಹಳ್ಳಿ ಸೀಮೆಯಲ್ಲಿ ನೀಲಗಿರಿ, ಸುಬಾಬುಲ್, ಬಳ್ಳಾರಿ ಜಾಲಿಯಂತಹ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ. ಮತ್ತಿ, ಹೊನ್ನೆಗಳ ತಂಟೆಗೆ ನಾವು ಹೋಗುವುದೇ ಇಲ್ಲವಾದ್ದರಿಂದ ಗರಗಸದ ಕೆಲಸ ನೀಲಗಿರಿ ಮತ್ತು ಜಾಲಿಗಳಿಗೆ ಸೀಮಿತವಾಯಿತು. ದೊಡ್ಡ ಯಂತ್ರದ ಆಸೆ ಅಲ್ಲಿಗೇ ಅರ್ಧ ಕಡಿಮೆಯಾಯಿತು.

ಈ ಕೆಲಸದಲ್ಲಿ ಕಡಿಯುವುದಕ್ಕಿಂತ ಮತ್ತೆ ಚಿಗುರದಂತೆ ಮಾಡುವುದೇ ಕಷ್ಟ. ಕೆಲಸಕ್ಕೆ ಬರುವ ಹಿರಿಯರೊಬ್ಬರು ಮೊದಲ ದಿನವೇ ಹೇಳಿದರು: “ಬುಡಾ ಕಿತ್ತರ ಹೋಕ್ಕೈತ್ರಿ ಸರ, ಬರೇ ಕಡದ್ರ ಒಂದಕ್ಕ ನಾಕ್ ಆಕ್ಕಾವ.” ಲಂಟಾನವನ್ನು ನೆಲಮಟ್ಟದಲ್ಲಿ ಸವರಿದರೆ ಮುಂದಿನ ಮಳೆಗಾಲದಲ್ಲಿ ಅದು ಮೊದಲಿಗಿಂತ ದಟ್ಟವಾಗಿ ಏಳುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡ ರೂಪಿಸಿದ ವಿಧಾನದಲ್ಲಿ ತಾಯಿಬೇರನ್ನು ಮಣ್ಣಿನಿಂದ 3ರಿಂದ 5 ಸೆಂ.ಮೀ. ಕೆಳಗೆ ಕತ್ತರಿಸಿ, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಒಣಗಲು ಬಿಡುತ್ತಾರೆ. ಇದಕ್ಕೆ ಯಾವ ಎಂಜಿನ್ನೂ ಬೇಕಾಗಿಲ್ಲ. ಉದ್ದನೆಯ ಕಾವಿನ, ಕಿರಿದಾದ ಬಾಯಿಯ ಗುದ್ದಲಿ ಸಾಕು. ಅಂಗಡಿಯಲ್ಲಿ ಸಿಗುವ ಅಗಲ ಬಾಯಿಯ ಗುದ್ದಲಿ ನಮ್ಮ ಗರಸು ಮಣ್ಣಿನ ಕಲ್ಲಿಗೆ ತಾಗಿ ಮಡಚಿಕೊಳ್ಳುತ್ತದೆ. ಊರಿನ ಕಮ್ಮಾರರಿಂದ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಎರಡು ಗುದ್ದಲಿ ಮಾಡಿಸಿ, ಜಾಲಿ ಕಟ್ಟಿಗೆಯ ಕಾವು ಹಾಕಿಸಿದೆವು. ಇಲ್ಲಿಯವರೆಗಿನ ಖರ್ಚಿನಲ್ಲಿ ಹಣಕ್ಕೆ ತಕ್ಕ ಕೆಲಸ ಕೊಟ್ಟದ್ದು ಇದೇ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಹಾಗಾದರೆ ಪೊದೆ, ಹುಲ್ಲು ಸವರುವ ಯಂತ್ರವಾದ ಬ್ರಷ್ ಕಟರ್ ಏಕೆ ಬೇಕು? ಬುಡದ ಹತ್ತಿರ ಹೋಗಲು ದಾರಿ ಮಾಡಿಕೊಳ್ಳುವುದಕ್ಕೆ, ಮತ್ತು ತೆರವಾದ ಜಾಗವನ್ನು ಪ್ರತಿ ವರ್ಷ ತೆರವಾಗಿಯೇ ಇಡುವುದಕ್ಕೆ. ಹುಬ್ಬಳ್ಳಿಯ ಅಂಗಡಿಗಳಲ್ಲಿಯೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದ ಮಳಿಗೆಗಳಲ್ಲಿಯೂ ನೋಡಿದ ಯಂತ್ರಗಳು ಮುಖ್ಯವಾಗಿ ಎರಡು ಬಗೆಯವು: 52 ಸಿಸಿಯ ಟೂ ಸ್ಟ್ರೋಕ್ ಮತ್ತು 35 ಸಿಸಿಯ ಫೋರ್ ಸ್ಟ್ರೋಕ್. ಮೊದಲನೆಯದಕ್ಕೆ ಬೆಲೆ ಕಡಿಮೆ, ಆರ್ಭಟ ಹೆಚ್ಚು, ಪೆಟ್ರೋಲಿಗೆ ಎಣ್ಣೆ ಬೆರೆಸಲೇಬೇಕು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುವುದರಿಂದ ಅದು ಗಾಳಿಯ ತೇವವನ್ನು ಹೀರುತ್ತದೆ. ಬೆರೆಸಿಟ್ಟ ಇಂಧನವನ್ನು ತಿಂಗಳುಗಟ್ಟಲೆ ಡಬ್ಬದಲ್ಲಿ ಇಡುವಂತಿಲ್ಲ. ನಮ್ಮಂತೆ ಬಿಡುವಾದಾಗ ಮಾತ್ರ ಯಂತ್ರ ತೆಗೆಯುವವರಿಗೆ ಫೋರ್ ಸ್ಟ್ರೋಕೇ ವಾಸಿ ಎನಿಸಿ ಅದನ್ನೇ ಕೊಂಡೆವು. ಅದರಲ್ಲಿಯೂ ಇಂಧನವನ್ನು ಬರಿದು ಮಾಡಿಯೇ ಒಳಗಿಡುತ್ತೇವೆ.

ಬೆನ್ನಿಗೆ ಹೊರುವ ಮಾದರಿಯನ್ನು ಬಿಟ್ಟು ಎರಡು ಹಿಡಿಕೆಗಳ, ಪಕ್ಕಕ್ಕೆ ತೂಗುವ ಮಾದರಿಯನ್ನು ಆರಿಸಲು ಬ್ಲೇಡೇ ಕಾರಣ. ಹುಲ್ಲು ಮತ್ತು ಎಳೆಯ ಯುಪಟೋರಿಯಂಗೆ ನೈಲಾನ್ ದಾರ ಸಾಕು. ಹೆಬ್ಬೆರಳು ದಪ್ಪದ ಲಂಟಾನಕ್ಕೆ ಮೂರು ಹಲ್ಲಿನ ಬ್ಲೇಡ್ ಬೇಕು. ಅದಕ್ಕೂ ದಪ್ಪನೆಯ ಕಾಂಡಕ್ಕೆ ದುಂಡನೆಯ ಗರಗಸದ ಬ್ಲೇಡ್. ತಿರುಗುವ ಬ್ಲೇಡನ್ನು ಮೇಲಿನಿಂದ ಗಡಿಯಾರದ ಮುಖವೆಂದು ನೋಡಿದರೆ 12ರಿಂದ 2ರವರೆಗಿನ ಭಾಗ ಗಟ್ಟಿ ಕಾಂಡಕ್ಕೆ ತಾಗಿದಾಗ ಯಂತ್ರ ಪಕ್ಕಕ್ಕೆ ಜೋರಾಗಿ ಒದೆಯುತ್ತದೆ, ಆ ಒದೆತವನ್ನು ತಡೆಯಲು ಎರಡು ಕೈಗಳ ಅಗಲವಾದ ಹಿಡಿತವೇ ಬೇಕು. ಕೆಲಸ ನಡೆಯುವಾಗ 15 ಮೀಟರ್ ಒಳಗೆ ಯಾರೂ ಬರಬಾರದೆಂಬ ಕೈಪಿಡಿಯ ಮಾತು ನಮ್ಮ ಗರಸಿನಲ್ಲಿ ಅತಿಶಯೋಕ್ತಿಯಲ್ಲ. ಕಲ್ಲು ಗುಂಡಿನಂತೆ ಹಾರುತ್ತದೆ. ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಳ, ಮೊಣಕಾಲಿನವರೆಗೆ ಗಮ್ ಬೂಟು, ಇಷ್ಟನ್ನು ಯಂತ್ರದ ಬೆಲೆಯ ಭಾಗವೆಂದೇ ಎಣಿಸಬೇಕು.

ಚೈನ್ ಗರಗಸದ ವಿಷಯದಲ್ಲಿ ಪೆಟ್ರೋಲ್ ಯಂತ್ರವನ್ನು ಬಿಟ್ಟು 2,000 ವ್ಯಾಟಿನ ವಿದ್ಯುತ್ ಯಂತ್ರ ತಂದಿದ್ದೇವೆ. ಜಾಲಿಯ ಪಟ್ಟಿ ಮನೆಯಿಂದ ಸುಮಾರು 50 ಮೀಟರ್ ದೂರದಲ್ಲಿದೆ. ಅಷ್ಟು ಉದ್ದಕ್ಕೆ 1 ಚದರ ಮಿ.ಮೀ. ತಂತಿ ಎಳೆದರೆ 9 ಆಂಪಿಯರ್ ಹರಿವಿನಲ್ಲಿ ಸುಮಾರು 16 ವೋಲ್ಟ್ ದಾರಿಯಲ್ಲೇ ಕಳೆದುಹೋಗಿ ಮೋಟಾರು ಬಿಸಿಯಾಗುತ್ತದೆ, 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ನಷ್ಟ 7 ವೋಲ್ಟಿನ ಒಳಗೆ ನಿಲ್ಲುತ್ತದೆ. ಹಳ್ಳಿಯ ವೋಲ್ಟೇಜೇ ಸಂಜೆ ಹೊತ್ತಿಗೆ ಕುಸಿಯುವಾಗ ಈ ಲೆಕ್ಕವನ್ನು ಬಿಡುವಂತಿಲ್ಲ. ಯಂತ್ರದೊಂದಿಗೆ ಚೈನ್ ಮಸೆಯುವ ದುಂಡನೆಯ ಅರವನ್ನೂ ತಂದೆವು, ಏಕೆಂದರೆ ಒಣಗಿದ ಜಾಲಿ ಹಲ್ಲನ್ನು ಬಹು ಬೇಗ ಮೊಂಡು ಮಾಡುತ್ತದೆ. ನೀಲಗಿರಿಗಳನ್ನು ಮಾತ್ರ ನಾವು ಮುಟ್ಟುವುದಿಲ್ಲ. ಅವು ವಿದ್ಯುತ್ ತಂತಿಯ ಕಡೆಗೆ ವಾಲಿರುವುದರಿಂದ ಹಗ್ಗ ಕಟ್ಟಿ ಇಳಿಸುವ ನುರಿತವರಿಗೆ ಒಪ್ಪಿಸಿದ್ದೇವೆ.

ಸದ್ಯಕ್ಕೆ ಮನೆಯ ಸುತ್ತ ಸುಮಾರು ಹತ್ತು ಗುಂಟೆ ತೆರವಾಗಿದೆ. ಜಾಲಿಯ ಕೊಂಬೆಗಳನ್ನು ಕಡಿದು ಉರುವಲಿಗೆ ಒಟ್ಟಿದ್ದೇವೆ. ಬೊಡ್ಡೆಗಳನ್ನು ಎರಡು ಅಡಿ ಎತ್ತರಕ್ಕೆ ಬಿಟ್ಟಿರುವುದು ಜೆಸಿಬಿಯ ಬಕೆಟ್ಟಿಗೆ ಹಿಡಿತ ಸಿಗಲಿ ಎಂದು. ಹಳ್ಳದ ಬದಿಯ ಎರೆಮಣ್ಣು ಪೂರ್ತಿ ಆರಿದ ಮೇಲೆ, ಫೆಬ್ರುವರಿಯಲ್ಲಿ ಅದನ್ನು ಕರೆಸುತ್ತೇವೆ. ಅದಕ್ಕೂ ಮೊದಲು ಉಳಿಸಬೇಕಾದ ಸಸಿಗಳಿಗೆಲ್ಲ ಸುಣ್ಣ ಬಳಿದ ಗೂಟ ನೆಡುವ ಕೆಲಸ ಈ ವಾರ ನಡೆದಿದೆ.